ಉಪ್ಪಿನಕಾಯಿ ಹಳ್ಳದ ಮೀನು

ದೇವರಿಗೆ ಏರಿಸಿದ ಹೂವನ್ನು ಕಸದ ಬುಟ್ಟಿಗೆ ಹಾಕಬಾರದು, ಹರಿಯುವ ನೀರಿಗೇ ಬಿಡಬೇಕು ಎನ್ನುವುದು ನನ್ನ ಹೆಂಡತಿಯ ಕಾನೂನು. ತೀರ್ಥಹಳ್ಳಿಯಲ್ಲಿದ್ದಷ್ಟು ದಿನ ಈ ಕಾನೂನಿನಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಹಿತ್ತಿಲು ದಾಟಿ ನಾಲ್ಕು ಹೆಜ್ಜೆ ಇಳಿದರೆ ತುಂಗೆ. ತೊಂದರೆ ಶುರುವಾದದ್ದು ಕೆಲವು ವರ್ಷಗಳ ಹಿಂದೆ, ಮಗಳ ಎರಡನೆಯ ಬಾಣಂತನಕ್ಕೆಂದು ನಾವಿಬ್ಬರೂ ಲಂಡನ್ನಿಗೆ ಹೋದಾಗ.

ಬಾಣಂತನಕ್ಕೆ ಹೋದ ಗಂಡಸಿನಷ್ಟು ನಿರುಪಯುಕ್ತ ಪ್ರಾಣಿ ಇನ್ನೊಂದಿಲ್ಲ. ಅಡುಗೆಮನೆಯಲ್ಲಿ ನಿಂತರೆ ಅಡ್ಡ, ಹಾಲ್‌ನಲ್ಲಿ ಕೂತರೆ ಮಗು ಎಚ್ಚರವಾಗುತ್ತದೆ, ಪುಸ್ತಕ ಹಿಡಿದರೆ 'ಇಷ್ಟು ಬೆಳಕಿಗೆ ಲೈಟು ಯಾಕೆ' ಎಂಬ ಮಾತು. ಹೊರಗೆ ಹೋಗುವ ಕೆಲಸ ಯಾವುದೇ ಇರಲಿ ಅದು ನನ್ನದು. ಮನೆ ಇದ್ದದ್ದು ನಗರದ ದಕ್ಷಿಣ ಭಾಗದ ಕೊಲಿಯರ್ಸ್ ವುಡ್‌ನಲ್ಲಿ. ಪಕ್ಕದ ಟೂಟಿಂಗ್ ಮಾರುಕಟ್ಟೆಗೆ ಹೋದರೆ ಕರಿಬೇವು, ನುಗ್ಗೆಕಾಯಿ, ಬಾಳೆಎಲೆ, ಪೂಜೆಯ ಹೂವು ಎಲ್ಲವೂ ಸಿಗುತ್ತದೆ. ಏರಿಸಿದ ಹೂವನ್ನು ಬಿಡುವುದಕ್ಕೆ ಜಾಗ ಮಾತ್ರ ಸಿಗುವುದಿಲ್ಲ. ಒಂದು ವಾರದ ನಿರ್ಮಾಲ್ಯ ಬಾಲ್ಕನಿಯ ಮೂಲೆಯ ಪ್ಲಾಸ್ಟಿಕ್ ಚೀಲದಲ್ಲಿ ಕೊಳೆಯತೊಡಗಿದಾಗ ಅಳಿಯ ಮೂಗು ಅರಳಿಸಿದ. ಅಳಿಯನ ಮೂಗು ಅರಳಿದ್ದನ್ನು ಅತ್ತೆ ನೋಡಿದಳು. ಅತ್ತೆ ನನ್ನನ್ನು ನೋಡಿದಳು.

"ಇಲ್ಲಿ ಎಲ್ಲೂ ಹೊಳೆ ಇಲ್ವಾ ಮಾರಾಯ್ರೆ? ಇಷ್ಟು ದೊಡ್ಡ ಊರು ಕಟ್ಟಿದಾರೆ!"

ಹೊಳೆ ಇತ್ತು. ದೊಡ್ಡ ಸೂಪರ್‌ಮಾರ್ಕೆಟ್ಟಿನ ಹಿಂದೆ, ಕಾರು ನಿಲ್ಲಿಸುವ ಬಯಲನ್ನು ದಾಟಿ ಹೋದರೆ ಎರಡಾಳು ಅಗಲದ ನೀರು. ಹೆಸರು ವಾಂಡಲ್. ಅದಕ್ಕೆ ಅಲ್ಲೇ ಬಂದು ಸೇರುವ ಇನ್ನೊಂದು ಸಣ್ಣ ಕಾಲುವೆಯ ಹೆಸರನ್ನು ನಕ್ಷೆಯಲ್ಲಿ ಓದಿದಾಗ ನನಗೆ ನಗು ತಡೆಯಲಿಲ್ಲ: ಪಿಕಲ್ ಡಿಚ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉಪ್ಪಿನಕಾಯಿ ಹಳ್ಳ. ಹಿಂದೊಮ್ಮೆ ಹೊಳೆಯ ಮೂಲ ಪಾತ್ರವೇ ಅದಾಗಿತ್ತಂತೆ. ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. "ಉಪ್ಪಿನಕಾಯಿಗೂ ಮಡಿ ಇದೆ. ಹರಿಯುತ್ತಾ ಇಲ್ವಾ, ಅಷ್ಟು ಹೇಳಿ" ಎಂದಳು. ಹರಿಯುತ್ತಿದೆ ಎಂದೆ. ಚೀಲ ಕೈಗೆ ಬಂತು.

ಕಳ್ಳತನದ ಕೆಲಸಕ್ಕೆ ಸಂಜೆಯೇ ಸರಿ ಎಂದುಕೊಂಡು ಏಳು ಗಂಟೆಗೆ ಹೊರಟೆ. ಆದರೆ ಜೂನ್ ತಿಂಗಳಿನ ಲಂಡನ್ನಿನಲ್ಲಿ ಸಂಜೆ ಎಂಬುದು ಒಂಬತ್ತು ಗಂಟೆಯ ಮೇಲೂ ಮುಗಿಯದ ವಸ್ತು. ಹಾಡಹಗಲು. ಅತ್ತಿತ್ತ ನೋಡಿ, ಮರದ ಮರೆಯಲ್ಲಿ ನಿಂತು, ಚೀಲದ ಗಂಟು ಬಿಚ್ಚುತ್ತಿದ್ದೆ. ಕೆಳಗಿನಿಂದ ಒಂದು ಧ್ವನಿ ಬಂತು: "ದಯವಿಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತೀರಾ? ನಿಮ್ಮ ನೆರಳು ನೀರಿನ ಮೇಲೆ ಬೀಳುತ್ತಿದೆ."

ನೀರಿನ ಮಧ್ಯೆ ಒಬ್ಬ ಮುದುಕ ನಿಂತಿದ್ದ. ಸೊಂಟದವರೆಗೆ ರಬ್ಬರಿನ ಉಡುಪು, ತಲೆಗೆ ಹಳೆಯ ಟೋಪಿ, ಟೋಪಿಯ ಸುತ್ತ ಸಣ್ಣ ಸಣ್ಣ ಕೀಟಗಳು ಸಾಲಾಗಿ ಕೂತಿದ್ದವು. ಕೀಟಗಳಲ್ಲ, ಕೀಟದ ವೇಷದ ಗಾಳಗಳು. ಕೈಯಲ್ಲಿ ಒಂಬತ್ತಡಿಯ ತೆಳ್ಳನೆಯ ಕೋಲು. ಅವನ ಹಿಂದೆ ಕಲ್ಲಿಗೆ ಸಿಕ್ಕಿಕೊಂಡು ಅರ್ಧ ಮುಳುಗಿದ್ದ ಒಂದು ತಳ್ಳುಬಂಡಿ, ಸೂಪರ್‌ಮಾರ್ಕೆಟ್ಟಿನದೇ. ಇಂಥ ಜಾಗದಲ್ಲಿ ಏನು ಹಿಡಿಯುತ್ತೀರಿ ಎಂದು ಕೇಳಿದೆ.

"ಟ್ರೌಟ್" ಎಂದ.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಟ್ರೌಟ್ ಮೀನು ತಣ್ಣಗಿನ, ತಿಳಿಯಾದ, ಆಮ್ಲಜನಕ ಧಾರಾಳವಾಗಿರುವ ನೀರಿನಲ್ಲಿ ಮಾತ್ರ ಬದುಕುತ್ತದೆ ಎಂದು ಮಕ್ಕಳಿಗೆ ನೋಟ್ಸ್ ಕೊಟ್ಟವನು. ನೀಲಗಿರಿ, ಕಾಶ್ಮೀರದ ಬೆಟ್ಟದ ತೊರೆಗಳ ಮೀನು ಅದು. ಮುದುಕನಿಗೆ ಮರುಳೋ ಅಥವಾ ಕುಡಿದಿದ್ದಾನೋ ಎಂದು ಒಂದು ಹೆಜ್ಜೆ ಹಿಂದೆ ಸರಿದೆ. ನೆರಳೂ ಸರಿಯಿತು. ಅವನು ವಂದನೆ ಹೇಳಿ ಕೋಲು ಬೀಸತೊಡಗಿದ. ನಾನು ಅಲ್ಲೇ ಕೂತೆ. ಕೂತವನು ಎರಡು ಗಂಟೆ ಏಳಲಿಲ್ಲ. ಮನೆಗೆ ಬಂದಾಗ ನಿರ್ಮಾಲ್ಯದ ಚೀಲ ಕೈಯಲ್ಲೇ ಇತ್ತು.

"ಹೂವು ಹಾಕಕ್ಕೆ ಹೋದವ್ರು ಎರಡು ಗಂಟೆ ಎಂತ ಮಾಡ್ತಿದ್ರಿ?"

"ಒಬ್ಬರು ಮೀನು ಹಿಡೀತಿದ್ರು."

"ಸಿಕ್ತಾ?"

"ಇಲ್ಲ."

ಅವಳು ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿ ಮಗುವಿಗೆ ಎಣ್ಣೆ ಹಚ್ಚಲು ಹೋದಳು.

ನಾನು ಮೀನು ತಿಂದವನಲ್ಲ. ಆದರೆ ಮಲೆನಾಡಿನಲ್ಲಿ ಹುಟ್ಟಿ ಮೀನು ಹಿಡಿಯುವುದನ್ನು ನೋಡದವರು ಯಾರು? ಮುಂಗಾರಿನ ಮೊದಲ ನೆರೆಗೆ ಗದ್ದೆಯ ಕಡೆ ಏರಿಬರುವ ಹತ್ತುಮೀನಿಗೆ ಕತ್ತಿ, ಕೂಣಿ, ಟಾರ್ಚು ಹಿಡಿದು ಇಡೀ ಊರು ರಾತ್ರಿ ಹೊರಡುತ್ತಿತ್ತು. ಬೇಸಿಗೆಯಲ್ಲಿ ಗಾಳ. ಬಿದಿರು ಕೋಲು, ದಾರ, ಬೆಂಡು, ಎರೆಹುಳ. ಹಾಕಿ ಕೂತರೆ ಆಯಿತು. ಬೀಡಿ ಸೇದಬಹುದು, ನಿದ್ದೆ ಮಾಡಬಹುದು, ಜಾಗದ ವ್ಯಾಜ್ಯ ಮಾತಾಡಬಹುದು. ಮೂಡಿಗೆರೆಯ ತೇಜಸ್ವಿಯವರಿಗೆ ಗಾಳದ ಹುಚ್ಚು ಎಷ್ಟಿತ್ತೆಂದು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಹೀಗೆ ಮೀನು ಹಿಡಿಯುವ ಅದೇ ಜನ ಶೃಂಗೇರಿಗೋ ನಮ್ಮ ಚಿಬ್ಬಲಗುಡ್ಡೆಗೋ ಹೋದರೆ ಮಂಡಕ್ಕಿ ಪೊಟ್ಟಣ ಕೊಂಡು ಮೀನಿಗೆ ಹಾಕಿ ಕೈಮುಗಿಯುತ್ತಾರೆ. ದೇವಸ್ಥಾನದ ಮೆಟ್ಟಿಲಿನ ಎದುರಿಗಿರುವುದು ದೇವರ ಮೀನು, ಒಂದು ಫರ್ಲಾಂಗು ಕೆಳಗೆ ಹೋದರೆ ಸಾರಿನ ಮೀನು. ಮೀನಿಗೆ ಈ ಗಡಿ ಗೊತ್ತಿದೆ ಎಂದು ನಮ್ಮಲ್ಲಿ ಗಟ್ಟಿಯಾಗಿ ನಂಬುವವರಿದ್ದಾರೆ.

ಟೋಪಿಯಜ್ಜ ಮಾಡುತ್ತಿದ್ದದ್ದು ಈ ಎರಡೂ ಅಲ್ಲ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಸಣ್ಣ ವಯಸ್ಸಿನಿಂದ ಸುರಂಗದಲ್ಲಿ ರೈಲು ಓಡಿಸಿ ನಿವೃತ್ತನಾದವನಂತೆ. ಬಿಸಿಲು, ನೀರು ಎಂದರೆ ಅದಕ್ಕೇ ಅಷ್ಟು ಆಸೆ ಎಂದ. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದ, ಆದರೆ ನೀರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಮ್ಮ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಎರೆಹುಳವೋ ಸೀಸದ ಗುಂಡೋ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇದರಲ್ಲಿ ತುದಿಯ ಹುಸಿನೊಣಕ್ಕೆ ತೂಕವೇ ಇಲ್ಲ. ಉಫ್ ಎಂದರೆ ಹಾರಿಹೋಗುತ್ತದೆ. ತೂಕ ಇರುವುದು ದಾರಕ್ಕೆ. ಆ ದಪ್ಪ ದಾರವನ್ನು ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಉಸಿರು ಕಾದು, ಮುಂದಕ್ಕೆ ಬೀಸಬೇಕು. ಆಗ ದಾರ ಹಾವಿನಂತೆ ಹರಿದು ಹೋಗಿ, ತುದಿಯ ನೊಣ ತಾನೇ ರೆಕ್ಕೆ ಬಡಿದು ಬಂದು ಕೂತಂತೆ ನೀರಿನ ಮೇಲೆ ಕೂರುತ್ತದೆ. ಹಿಂದಿನ ಆ ಒಂದು ಉಸಿರು ಕಾಯದಿದ್ದರೆ ಎಲ್ಲ ಕೆಟ್ಟಿತು. ಜಡತ್ವದ ನಿಯಮಕ್ಕೆ ನಾನು ಬೋರ್ಡಿನ ಮೇಲೆ ಬಸ್ಸಿನ ಚಿತ್ರ ಬರೆದು ಮುಗಿಸುತ್ತಿದ್ದೆ. ಇಷ್ಟು ಚೆಂದದ ಉದಾಹರಣೆ ಒಂದು ಇದೆಯೆಂದು ಗೊತ್ತಾದದ್ದು ಪಿಂಚಣಿ ಶುರುವಾದ ಮೇಲೆ.

ನೊಣಗಳನ್ನು ಅಜ್ಜ ತಾನೇ ಕಟ್ಟುತ್ತಾನೆ. ಮೊಲದ ಕಿವಿಯ ರೋಮ, ಹುಂಜದ ಕತ್ತಿನ ಗರಿ, ಕಾಡುಕೋಳಿ ಜಾತಿಯ ಹಕ್ಕಿಯ ಬಾಲ, ಜೊತೆಗೆ ನವಿಲುಗರಿಯ ಎಳೆ. ನವಿಲುಗರಿಯ ಒಂದು ಎಳೆಯನ್ನು ಉಗುರಿನಷ್ಟು ಕೊಕ್ಕೆಗೆ ಸುತ್ತಿ ಅವನು ಅಂಗೈ ಮೇಲಿಟ್ಟಾಗ ಹಸಿರು ಹೊಳಪಿನ ಜೀರುಂಡೆ ಎಂದೇ ನಾನು ಕೈ ಹಿಂದೆ ತೆಗೆದೆ. ನಮ್ಮಲ್ಲಿ ಇದು ಪುಸ್ತಕದ ಹಾಳೆಗಳ ನಡುವೆ ಮರಿ ಹಾಕುವ ವಸ್ತು ಎಂದೆ. ನವಿಲುಗರಿ ಮರಿ ಹಾಕುತ್ತದೆಯೇ ಎಂದು ಅವನು ಬಹಳ ಗಂಭೀರವಾಗಿ ಕೇಳಿದ. ವಿಜ್ಞಾನದ ಮೇಷ್ಟ್ರಾಗಿ ನಾನು ಮಾತು ಬದಲಿಸಬೇಕಾಯಿತು.

ಈ ಮೀನುಗಾರರಲ್ಲೂ ಮಡಿ-ಮೈಲಿಗೆ ಇದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹ್ಯಾಲ್‌ಫರ್ಡ್ ಎಂಬ ಸಾಹೇಬ 1868ರಲ್ಲಿ ಇದೇ ವಾಂಡಲ್ ಹೊಳೆಯ ಮೇಲ್ಭಾಗದಲ್ಲಿ, ನೀರಿನ ಮೇಲೆ ತೇಲುವ ಒಣ ನೊಣದಿಂದ ಮೀನು ಹಿಡಿಯುವುದನ್ನು ಮೊದಲು ಕಂಡನಂತೆ. ಮುಂದೆ ಅದಕ್ಕೊಂದು ಶಾಸ್ತ್ರವನ್ನೇ ಬರೆದ. ಅವನ ಶಿಷ್ಯಕೋಟಿ ಅದನ್ನು ಸ್ಮೃತಿ ಮಾಡಿಬಿಟ್ಟಿತು. ಮೀನು ಮೇಲೆ ಬಂದು ನೊಣ ನುಂಗುವುದನ್ನು ಕಣ್ಣಾರೆ ಕಂಡಮೇಲೆಯೇ ಬೀಸಬೇಕು, ಪ್ರವಾಹಕ್ಕೆ ಎದುರಾಗಿಯೇ ಬೀಸಬೇಕು, ನೊಣ ಒದ್ದೆಯಾಗಬಾರದು. ಒಣ ಮಡಿ! ಆಮೇಲೆ ಸ್ಕ್ಯೂಸ್ ಎಂಬ ವಕೀಲ ಬಂದು, ಮೀನು ಹೆಚ್ಚು ಪಾಲು ಊಟ ಮಾಡುವುದು ನೀರಿನೊಳಗೆ, ಮುಳುಗಿದ ನೊಣಕ್ಕೇನು ದೋಷ ಎಂದು ವಾದಿಸಿ 1910ರಲ್ಲಿ ಪುಸ್ತಕ ಬರೆದ. ದೊಡ್ಡ ಜಗಳ. ಮೂರು ದಶಕವಾದರೂ ಆರಲಿಲ್ಲ. ನಮ್ಮಲ್ಲಿ ಒಂದು ಮಠಕ್ಕೆ ಎರಡು ಶಾಖೆಯಾಗಲು ಇದಕ್ಕಿಂತ ಸಣ್ಣ ಕಾರಣ ಸಾಕು. ನೀನು ಯಾವ ಪಂಗಡ ಎಂದು ಅಜ್ಜನನ್ನು ಕೇಳಿದೆ. "ಸಂಜೆ ಎಂಟರವರೆಗೆ ಹ್ಯಾಲ್‌ಫರ್ಡ್. ಒಂದೂ ಸಿಗದಿದ್ದರೆ ಆಮೇಲೆ ಸ್ಕ್ಯೂಸ್" ಎಂದ. ಇಂಥ ಸ್ಮಾರ್ತರು ನಮ್ಮೂರಿನಲ್ಲೂ ಇದ್ದಾರೆ.

ಹೊಳೆಯ ಕಥೆ ಹೇಳದೆ ಮೀನಿನ ಕಥೆ ಮುಂದೆ ಹೋಗುವುದಿಲ್ಲ. ದಕ್ಷಿಣದ ಸುಣ್ಣದಕಲ್ಲಿನ ಗುಡ್ಡಗಳ ಮೇಲೆ ಬಿದ್ದ ಮಳೆ ಸೀಮೆಸುಣ್ಣದ ಪದರಗಳಲ್ಲಿ ಇಂಗಿ, ಸೋಸಿ, ಕ್ರಾಯ್ಡನ್ ಮತ್ತು ಕಾರ್ಶಲ್ಟನ್‌ಗಳ ಬುಗ್ಗೆಗಳಲ್ಲಿ ಎದ್ದು ವಾಂಡಲ್ ಆಗುತ್ತದೆ. ಬೇಸಿಗೆ ಚಳಿಗಾಲ ಎನ್ನದೆ ಬುಗ್ಗೆಯ ನೀರು ಸುಮಾರು ಹತ್ತು ಡಿಗ್ರಿ. ಇಂಥ ಸುಣ್ಣದ ಹೊಳೆಗಳು ಜಗತ್ತಿನಲ್ಲಿ ಇರುವುದೇ ಇನ್ನೂರು ಚಿಲ್ಲರೆ, ಬಹುಪಾಲು ಇಂಗ್ಲೆಂಡಿನಲ್ಲೇ. ಬೋರ್ಡಿನ ಮೇಲೆ ಮೂವತ್ತೊಂದು ವರ್ಷ ತೇಯ್ದ ಸೀಮೆಸುಣ್ಣದಿಂದ ಹೊಳೆ ಹುಟ್ಟುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬುಗ್ಗೆಯಿಂದ ಥೇಮ್ಸ್ ಸೇರುವವರೆಗೆ ಹೊಳೆಯ ಉದ್ದ ಸುಮಾರು ಒಂಬತ್ತು ಮೈಲಿ. ಅಷ್ಟರೊಳಗೆ ಒಂದು ಕಾಲದಲ್ಲಿ ತೊಂಬತ್ತರಷ್ಟು ಗಿರಣಿಗಳು ಇದರ ನೀರಿನಿಂದ ತಿರುಗುತ್ತಿದ್ದವು. ಹಿಟ್ಟು, ಕಾಗದ, ಚರ್ಮ, ತಾಮ್ರ, ಬಟ್ಟೆಗೆ ಬಣ್ಣ. ಮಾರ್ಡನ್ ಹಾಲ್ ತೋಟದೊಳಗೆ ನಶ್ಯದ ಗಿರಣಿ ಇತ್ತು. ಕಟ್ಟಡ ಈಗಲೂ ಇದೆ, ಚಕ್ರವೂ ಇದೆ. ನಾನು ಅದರೆದುರು ನಿಂತು, ಮಡಿಸಿದ ಬಾಳೆಪಟ್ಟೆಯ ಡಬ್ಬಿಯಿಂದ ಚಿಟಿಕೆ ನಶ್ಯ ಏರಿಸಿ ಮೂರು ಸಲ ಸೀನುತ್ತಿದ್ದ ನನ್ನಜ್ಜನನ್ನು ನೆನೆದೆ. ಹೊಳೆಗುಂಟ 1803ರಲ್ಲಿ ಹಳಿ ಹಾಕಿ ಕುದುರೆಯಿಂದ ಗಾಡಿ ಎಳೆಸುತ್ತಿದ್ದರು. ಹಳಿಯ ಮೇಲೆ ಉಗಿಯಂತ್ರ ಬರುವ ಮೊದಲಿನ ರೈಲು ಅದು. 1881ರಲ್ಲಿ ವಿಲಿಯಂ ಮಾರಿಸ್ ಮರ್ಟನ್ ಆಬಿಗೆ ಬಂದು, ಈ ನೀರು ಬಣ್ಣಕ್ಕೆ ಒಳ್ಳೆಯದು ಎಂದು ಬಟ್ಟೆಯ ಕಾರ್ಖಾನೆ ತೆರೆದ. ತನ್ನ ಒಂದು ವಿನ್ಯಾಸಕ್ಕೆ ವಾಂಡಲ್ ಎಂದೇ ಹೆಸರಿಟ್ಟ. ಮಂಜಿಷ್ಠದ ಕೆಂಪು, ನೀಲಿ, ಹೊಳೆಗೆ ದಿನಕ್ಕೊಂದು ಬಣ್ಣ.

ಅದಕ್ಕೂ ಮೊದಲು ಇಲ್ಲೊಬ್ಬ ದೊಡ್ಡ ಗಾಳಗಾರ ಇದ್ದ. ಅಡ್ಮಿರಲ್ ನೆಲ್ಸನ್. 1801ರಲ್ಲಿ ಮರ್ಟನ್ನಿನಲ್ಲಿ ಮನೆ ಕೊಂಡ. ತೋಟದೊಳಗೆ ಹರಿಯುತ್ತಿದ್ದ ವಾಂಡಲಿನ ಕವಲಿಗೆ ಅವನ ಪ್ರೇಯಸಿ ಎಮ್ಮಾ ಹ್ಯಾಮಿಲ್ಟನ್ ಇಟ್ಟ ಹೆಸರು ನೈಲ್. ನೆಲ್ಸನ್ ನೈಲ್ ಕಾಳಗ ಗೆದ್ದವನಲ್ಲವೇ! ಬಚ್ಚಲ ಕಾಲುವೆಗೆ ಗಂಗೆ ಎಂದು ಹೆಸರಿಡುವುದು ನಮ್ಮ ಗುತ್ತಿಗೆಯಲ್ಲ ಎಂದು ಸಮಾಧಾನವಾಯಿತು. 1797ರಲ್ಲಿ ಅವನ ಬಲಗೈ ಹೋಗಿತ್ತು. ಎಡಗೈಯಿಂದಲೇ ನೊಣದ ಗಾಳ ಬೀಸಿ ಟ್ರೌಟ್ ಹಿಡಿಯುತ್ತಿದ್ದ ಎಂದು ಬರೆದವನು ಹಂಫ್ರಿ ಡೇವಿ. ಹೌದು, ಎಂಟನೇ ತರಗತಿಯ ಗಣಿದೀಪದ ಡೇವಿಯೇ. ದೀಪದ ಚಿತ್ರ ಬರೆಯಿರಿ, ಭಾಗಗಳನ್ನು ಗುರುತಿಸಿರಿ ಎಂದು ಎಷ್ಟೋ ಪರೀಕ್ಷೆಗಳಲ್ಲಿ ಕೇಳಿದ್ದೇನೆ. ಆ ಮನುಷ್ಯ ಮೀನಿನ ಹುಚ್ಚನಾಗಿದ್ದ, ಅದರ ಮೇಲೊಂದು ಪುಸ್ತಕ ಬರೆದಿದ್ದ ಎಂದು ಗೊತ್ತಿದ್ದರೆ ಮಕ್ಕಳು ಎರಡು ಅಂಕ ಹೆಚ್ಚು ತೆಗೆಯುತ್ತಿದ್ದರೇನೋ.

ಆಮೇಲಿನದು ನಮಗೆ ಗೊತ್ತಿರುವ ಕಥೆಯೇ. ಗಿರಣಿಯ ಕೊಳೆ, ಮನೆಗಳ ಕೊಳೆ. 1930ರ ದಶಕಕ್ಕೆ ಟ್ರೌಟ್ ಮುಗಿಯಿತು. 1960ರ ದಶಕದಲ್ಲಿ ಇದು ಹೊಳೆಯೇ ಅಲ್ಲ, ಚರಂಡಿ ಎಂದು ಸರ್ಕಾರಿ ಕಾಗದದಲ್ಲೇ ಬರೆದುಬಿಟ್ಟರು. ವಾಂಡ್ಸ್‌ವರ್ತ್‌ನಲ್ಲಿ ಅದರ ಮೇಲೆ ಅಂಗಡಿ ಸಂಕೀರ್ಣ ಕಟ್ಟಿ ಮುಚ್ಚಿದರು. ಹೊಳೆ ಈಗಲೂ ಆ ಅಂಗಡಿಗಳ ಅಡಿಯಿಂದಲೇ ಥೇಮ್ಸಿಗೆ ಹೋಗುತ್ತದೆ.

ತಿರುಗಿ ಹೊಳೆ ಎನಿಸಿಕೊಂಡದ್ದು ಹೇಗೆ? ಕಾನೂನು ಬಿಗಿಯಾಯಿತು, ಕಾರ್ಖಾನೆಗಳು ಮುಚ್ಚಿದವು, ಕೊಳಚೆ ಶುದ್ಧೀಕರಣ ಸುಧಾರಿಸಿತು, ಇವೆಲ್ಲ ಸರಿ. ಆದರೆ ನೀರಿಗೆ ಇಳಿದು ಬಂಡಿ ಎಳೆದವರು ಯಾರು? ಮೀನು ಹಿಡಿಯುವ ಆಸೆಯ ನಾಲ್ಕಾರು ಜನ. 2000ದ ಹೊತ್ತಿಗೆ ಗುಂಪು ಕಟ್ಟಿಕೊಂಡು, ತಿಂಗಳಿಗೊಂದು ಭಾನುವಾರ ಹೊಳೆಗಿಳಿದು ಟೈರು, ಹಾಸಿಗೆ, ಮೋಟಾರ್ ಸೈಕಲ್ಲು, ತಳ್ಳುಬಂಡಿ ಎತ್ತತೊಡಗಿದರು. ಅದು ಮುಂದೆ ವಾಂಡಲ್ ಟ್ರಸ್ಟ್ ಆಯಿತು. ನಮ್ಮ ಟೋಪಿಯಜ್ಜನೂ ಹಗ್ಗ ಹಿಡಿದವನೇ. ದೇಶಸೇವೆಗೋ ಎಂದೆ. "ಛೆ ಛೆ, ಬಂಡಿಗೆ ನನ್ನ ನೊಣ ಸಿಕ್ಕಿಕೊಳ್ಳುತ್ತಿತ್ತು" ಎಂದ. ಅಷ್ಟೇ ಉತ್ತರ. ಹೊಳೆಯನ್ನು ತಾಯಿ ಎಂದು ಅವನು ಯಾವತ್ತೂ ಕರೆದದ್ದನ್ನು ನಾನು ಕೇಳಲಿಲ್ಲ. ಹೊಳೆಯ ಹತ್ತಿರ ಅವನಿಗೊಂದು ಕೆಲಸ ಇತ್ತು. ತುಂಗೆಯ ಹತ್ತಿರ ನನಗೆ ಎಂತ ಕೆಲಸ ಇತ್ತು ಎಂದು ಯೋಚಿಸಿದೆ. ಎಳ್ಳಮಾವಾಸ್ಯೆಗೆ ರಾಮಕೊಂಡದಲ್ಲಿ ಒಂದು ಮುಳುಗು. ಉಳಿದಂತೆ ವಾರಕ್ಕೊಂದು ಚೀಲ.

ಚೀಲದ ಮಾತು ಬಂತು. ಅದರ ಗಂಟು ಬಿಚ್ಚಿ ಅಜ್ಜ ನೋಡಿದ್ದು ನಾಲ್ಕನೆಯ ದಿನ. ಬೈಯುತ್ತಾನೆಂದು ಕಾದೆ. ಹೂವನ್ನು ಎತ್ತಿ ಮೂಸಿ, ಯಾರಿಗೆ ಏರಿಸಿದ್ದು ಎಂದು ಕೇಳಿ ಟೋಪಿ ತೆಗೆದ. ಆಮೇಲೆ ಹಾರದ ನೈಲಾನ್ ದಾರವನ್ನು ಹಿಡಿದು ಎಳೆಎಳೆಯಾಗಿ ಬಿಡಿಸಿ ಜೇಬಿಗೆ ಹಾಕಿಕೊಂಡ. ಇದು ಕೊಕ್ಕರೆಯ ಕಾಲಿಗೆ ಸಿಕ್ಕಿಕೊಂಡರೆ ಬಿಡಿಸಲು ಆಗುವುದಿಲ್ಲ ಎಂದ. ಹೂವಿನ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ: ನಿಮ್ಮ ದೇವರಿಗೆ ಮಣ್ಣು ಆಗುವುದಿಲ್ಲವೇ?

ಮನೆಗೆ ಬಂದು ಹೇಳಿದೆ. ಹೆಂಡತಿ ಅಲ್ಲಿಂದಲೇ ತೀರ್ಥಹಳ್ಳಿಯ ಭಟ್ಟರಿಗೆ ವಾಟ್ಸಾಪಿನಲ್ಲಿ ಫೋನು ಹಚ್ಚಿದಳು. ಭಟ್ಟರು ಅರ್ಧ ನಿದ್ದೆಯಲ್ಲಿ, "ತುಳಸಿ ಬುಡಕ್ಕೆ ಹಾಕಿ ಅಮ್ಮ, ಧಾರಾಳ ಹಾಕಿ, ಶಾಸ್ತ್ರ ಇದೆ" ಎಂದರು. ಬಾಲ್ಕನಿಯಲ್ಲಿ ಕುಂಡ ಬಂತು. ಹೀಗೆ ನನ್ನ ಸಂಜೆಯ ನೆಪ ತಪ್ಪಿತು. ಥೇಮ್ಸಿನ ದಂಡೆಯಲ್ಲಿ, ಲ್ಯಾಂಬೆತ್ ಬಳಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಪ್ರಧಾನಿಯೇ ಬಂದು ಅನಾವರಣ ಮಾಡಿದ್ದು, ಈ ಹೊಳೆ ವಾಂಡ್ಸ್‌ವರ್ತ್‌ನಲ್ಲಿ ಥೇಮ್ಸ್ ಸೇರಿ ಅವನೆದುರಿನಿಂದಲೇ ಹಾದುಹೋಗುತ್ತದೆ, ಹೂವು ಬಿಟ್ಟರೆ ಬಸವಣ್ಣನಿಗೇ ಬಿಟ್ಟಂತೆ ಎಂದು ಕೊನೆಯ ಪ್ರಯತ್ನ ಮಾಡಿದೆ. ನಿರ್ಮಾಲ್ಯ ಕಳಿಸಿದವರಿಗೆ ಬಸವಣ್ಣ ಏನೆನ್ನುತ್ತಿದ್ದ ಎಂಬುದು ಬೇರೆ ಮಾತು. "ಮೀನು ನೋಡಕ್ಕೆ ಹೋಗ್ಬೇಕಾದ್ರೆ ಸೀದಾ ಹೋಗಿ, ಬಸವಣ್ಣನ್ನ ಎಂತಕ್ಕೆ ಎಳೀತೀರಿ" ಎಂದಳು.

ನಾನು ಸೀದಾ ಹೋದೆ. ಈ ಸಲ ಮೊಮ್ಮಗಳೂ ಬಂದಳು. ಎಂಟು ವರ್ಷದ ಪುಟ್ಟಿಗೆ ಈ ವಿಷಯದಲ್ಲಿ ನನಗಿಂತ ಹೆಚ್ಚು ಗೊತ್ತಿತ್ತು. ಹೊಳೆಗುಂಟದ ಶಾಲೆಗಳಿಗೆ ಟ್ರಸ್ಟಿನವರು ಚಳಿಗಾಲದಲ್ಲಿ ಟ್ರೌಟ್ ಮೊಟ್ಟೆ ಕೊಡುತ್ತಿದ್ದರು. ಕಪ್ಪು ಚುಕ್ಕಿಯಂತೆ ಕಣ್ಣು ಮೂಡಿದ ಮೊಟ್ಟೆ. ತರಗತಿಯ ಮೂಲೆಯ ತಣ್ಣೀರಿನ ತೊಟ್ಟಿಯಲ್ಲಿ ಅವು ಒಡೆದು, ಹೊಟ್ಟೆಗೆ ಹಳದಿಯ ಬುತ್ತಿ ಕಟ್ಟಿಕೊಂಡೇ ಮರಿ ಹೊರಬರುತ್ತದೆ. ಬುತ್ತಿ ಮುಗಿಯುವವರೆಗೆ ಊಟ ಕೇಳುವುದಿಲ್ಲ. ವಸಂತದಲ್ಲಿ ಮಕ್ಕಳು ಲೋಟದಲ್ಲಿ ತುಂಬಿಕೊಂಡು ಬಂದು ಹೊಳೆಗೆ ಬಿಡುತ್ತಿದ್ದರು. ಪುಟ್ಟಿ ಬಿಟ್ಟ ಮರಿಯ ಹೆಸರು ಲಡ್ಡು. ಟೋಪಿಯಜ್ಜನಿಗೆ ಅವಳು ಕೊಟ್ಟ ತಾಕೀತು ಒಂದೇ: ಲಡ್ಡು ಸಿಕ್ಕರೆ ತಕ್ಷಣ ಬಿಡಬೇಕು.

ಬಿಡುವುದು ಹೇಗೂ ಬಿಡುತ್ತಾನೆ. ವಾಂಡಲಿನ ಟ್ರೌಟನ್ನು ಇವರು ಯಾರೂ ತಿನ್ನುವುದಿಲ್ಲ. ಗಾಳದ ಕೊಕ್ಕೆಗೆ ಹಿಮ್ಮುಳ್ಳೇ ಇರುವುದಿಲ್ಲ. ಬಿಡಿಸಲು ಸಲೀಸಾಗಲಿ ಎಂದು. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಹಿಡಿದು ಬಿಡೋದಾದ್ರೆ ಹಿಡಿಯೋದು ಎಂತಕ್ಕೆ? ತಿನ್ನೋರಾದ್ರೆ ಹಸಿವು ಅನ್ಬಹುದು. ಇದು ಬರೀ ಉಪದ್ರ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಟೋಪಿಯಜ್ಜನನ್ನೇ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಹೆಂಡತಿ ಹೇಳುವುದು ನಿಜ. ಮೀನಿಗೆ ಇದು ಇಷ್ಟವಿಲ್ಲ" ಎಂದ. ನಂತರ 2007ರ ಸೆಪ್ಟೆಂಬರಿನ ಕಥೆ ಹೇಳಿದ. ಮೇಲಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ ಶೋಧಕ ತೊಳೆಯಲು ಬಳಸಿದ ಬ್ಲೀಚು ಹೊಳೆಗೆ ಹರಿದು ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಇವರ ವರ್ಷಗಳ ದುಡಿಮೆ ನೀರುಪಾಲು. ಆಗ ಹೊಳೆಯ ದಂಡೆಗೆ ಮೊದಲು ಓಡಿಬಂದು, ಸತ್ತ ಮೀನು ಎತ್ತಿ, ಊರೆಲ್ಲ ಗುಲ್ಲೆಬ್ಬಿಸಿದವರು ಇದೇ ಉಪದ್ರದವರು. ನಮ್ಮ ಶಿಶಿಲದ ದೇವರ ಮೀನುಗಳಿಗೆ ಯಾರೋ ದುರುಳರು ವಿಷ ಹಾಕಿದಾಗ ಊರವರು ಸತ್ತ ಮೀನಿಗೆ ಸ್ಮಾರಕ ಕಟ್ಟಿದರು ಎಂದು ನಾನು ಹೇಳಿದೆ. ಮೀನಿಗೆ ಸ್ಮಾರಕವೇ ಎಂದು ಅವನು ನೀರಿನಿಂದ ಕಣ್ಣು ತೆಗೆದು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. ನಿಮ್ಮ ದೇಶದ ಮೀನು ಯಾವುದು ಎಂದು ಕೇಳಿದ. ಮಹಶೀರ್ ಎಂದೆ. "ಕಾವೇರಿ!" ಎಂದು ನನಗಿಂತ ಮೊದಲೇ ಅವನ ಬಾಯಿಂದ ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಥಾಮಸ್ 1873ರಲ್ಲಿ ಬರೆದ ಗಾಳದ ಪುಸ್ತಕ, 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು, ಎಲ್ಲ ಅವನಿಗೆ ಬಾಯಿಪಾಠ. ಅದೇ ನೀರಿನ ಆ ಡುಬ್ಬದ ಮೀನು ಈಗ ಅಳಿವಿನ ಅಂಚಿಗೆ ಬಂದಿದೆ ಎನ್ನುವುದೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಮಂಡಕ್ಕಿಯ ರೇಟು.

ನನಗೂ ಬೀಸುವುದನ್ನು ಕಲಿಸಿದ. ನೀರಿನಲ್ಲಲ್ಲ, ಹುಲ್ಲಿನ ಮೇಲೆ. ಹದಿಮೂರು ದಾಟಿದವರು ಲೈಸೆನ್ಸ್ ಇಲ್ಲದೆ ಗಾಳ ಹಾಕುವಂತಿಲ್ಲ ಅಲ್ಲಿ. ಅದಕ್ಕೆ ಕೊಕ್ಕೆಯ ಬದಲು ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿದ. ಮೊದಲ ಬೀಸಿಗೆ ಉಣ್ಣೆ ನನ್ನ ಕಿವಿಗೆ ಸುತ್ತಿತು. ಎರಡನೆಯದಕ್ಕೆ ಹಿಂದಿನ ಮರಕ್ಕೆ. ಮೂರನೆಯದು ನನ್ನ ಮಂಕಿ ಕ್ಯಾಪನ್ನು ಎತ್ತಿಕೊಂಡು ಮುಂದೆ ಹೋಗಿ ಬಿತ್ತು. ಒಬ್ಬ ಹೆಂಗಸಿನ ನಾಯಿ ಅದನ್ನು ಕಚ್ಚಿಕೊಂಡು ಓಡಿತು. "ಕಾಯಬೇಕು, ಹಿಂದಿನ ದಾರ ಬಿಚ್ಚಿಕೊಳ್ಳುವವರೆಗೆ ಕಾಯಬೇಕು" ಎನ್ನುತ್ತಿದ್ದ ಅಜ್ಜ. ಮೂವತ್ತೊಂದು ವರ್ಷ ಪೀರಿಯಡ್ಡಿನ ಗಂಟೆಗೆ ಓಡಿದವನಿಗೆ ಆ ಒಂದು ಉಸಿರು ಕಾಯಲು ಬರಲಿಲ್ಲ. ಪುಟ್ಟಿಗೆ ಹತ್ತು ನಿಮಿಷದಲ್ಲಿ ಬಂತು.

ಮೀನು ಸಿಕ್ಕಿದ್ದು ಜೂನ್ ಕೊನೆಯ ಒಂದು ಸಂಜೆ, ಎಂಟೂವರೆಗೆ. ನೀರಿನ ಮೇಲೆ ಗಾಜಿನ ರೆಕ್ಕೆಯ ಸಣ್ಣ ಕೀಟಗಳು ಏಳುತ್ತಿದ್ದವು. ಮೇಫ್ಲೈ ಜಾತಿಯವು, ನೀರಿನಡಿಯಲ್ಲಿ ಮರಿಯಾಗಿ ತಿಂಗಳುಗಟ್ಟಲೆ ಇದ್ದು, ರೆಕ್ಕೆ ಬಂದಮೇಲೆ ಒಂದೆರಡು ದಿನವಷ್ಟೇ ಬದುಕುತ್ತವೆ. ಆ ವಯಸ್ಸಿನಲ್ಲಿ ಅವಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ. ಉಪ್ಪಿನಕಾಯಿ ಹಳ್ಳ ಸೇರುವಲ್ಲಿ, ತಳ್ಳುಬಂಡಿಯ ಮಗ್ಗುಲಿಗೆ, ಬುಳಕ್ ಎಂದು ಒಂದು ಉಂಗುರ ಎದ್ದಿತು. ಅಜ್ಜ ಮೊಣಕಾಲೂರಿದ. ನಮಗೆ ಕೈಸನ್ನೆ ಮಾಡಿದ. ನಾನೂ ಪುಟ್ಟಿಯೂ ನೆರಳು ಬೀಳದಂತೆ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೆವು. ಮೊದಲ ಬೀಸು ಗಿಡ್ಡವಾಯಿತು. ಎರಡನೆಯದರಲ್ಲಿ ಪ್ರವಾಹ ದಾರವನ್ನು ಜಗ್ಗಿ ನೊಣ ದೋಣಿಯಂತೆ ಓಡಿತು. ನಿಜವಾದ ನೊಣ ಹಾಗೆ ಓಡುವುದಿಲ್ಲ ಎಂದು ಮೀನಿಗೆ ಗೊತ್ತು. ಮೂರನೆಯದು ಬಂದು ಕೂತಿತು, ತೇಲಿತು, ಬಂಡಿಯ ಚಕ್ರದ ಹತ್ತಿರ ಬಂತು, ಇಲ್ಲವಾಯಿತು.

"ಬಲೆ!" ಎಂದ. ಕೈಬಲೆ ಇದ್ದದ್ದು ನನ್ನ ಕೈಯಲ್ಲಿ. ಪ್ಯಾಂಟು ಮಡಿಸುವಷ್ಟು ಹೊತ್ತಿರಲಿಲ್ಲ. ಮೀನು ತಿನ್ನದ ವಂಶದವನು ಅಂಗಡಿಯ ಹಿಂದಿನ ಹೊಳೆಗೆ ಮೊಣಕಾಲುದ್ದ ಇಳಿದು ಬಲೆ ಒಡ್ಡಿದೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊ ಎಂದ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆಯ ಪದರ ಹೋಗುತ್ತದೆ, ರೋಗ ಹತ್ತುತ್ತದೆ. ಮಡಿನೀರಿನಲ್ಲಿ ಕೈ ಅದ್ದುವಂತೆ ಅದ್ದಿದೆ.

ಒಂದು ಗೇಣಿಗಿಂತ ಸ್ವಲ್ಪ ಉದ್ದ. ಬೆನ್ನು ಹುರಿದ ಕಾಫಿಬೀಜದ ಬಣ್ಣ, ಪಕ್ಕೆ ಜೋನಿಬೆಲ್ಲದ ಬಣ್ಣ, ಹೊಟ್ಟೆ ಬೆಣ್ಣೆ. ಪಕ್ಕೆಯುದ್ದಕ್ಕೂ ಕಪ್ಪು ಚುಕ್ಕಿ, ನಡುನಡುವೆ ಕುಂಕುಮ ಇಟ್ಟಂತೆ ಕೆಂಪು ಚುಕ್ಕಿ, ಪ್ರತಿ ಚುಕ್ಕಿಯ ಸುತ್ತ ಮಾಸಲು ಬಿಳಿಯ ಉಂಗುರ. ಕಿವಿರು ತೆರೆದು ಮುಚ್ಚಿತು. ನನ್ನ ಅಂಗೈಯಲ್ಲಿ ಅದರ ತಣ್ಣನೆಯ ಹೊಟ್ಟೆ ಒಮ್ಮೆ ನಡುಗಿತು. ಪುಟ್ಟಿ ಬಗ್ಗಿ ನೋಡಿ, "ಲಡ್ಡು ಅಲ್ಲ ಅಜ್ಜ. ಲಡ್ಡು ಇನ್ನೂ ಇಷ್ಟೇ ಇಷ್ಟು" ಎಂದು ಬೆರಳಿನಲ್ಲಿ ತೋರಿಸಿದಳು. ಇದಕ್ಕೆ ಎರಡು ಮೂರು ವರ್ಷವಾಗಿರಬೇಕು ಎಂದ ಟೋಪಿಯಜ್ಜ. ಹಾಗಾದರೆ ಇದು ದೊಡ್ಡ ಕ್ಲಾಸಿನವರದ್ದು ಎಂದು ಅವಳು ತೀರ್ಪು ಕೊಟ್ಟಳು.

ಕೊಕ್ಕೆ ಸಲೀಸಾಗಿ ಬಂತು. ಮೀನಿನ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ಕಾಯಬೇಕು, ಅದಕ್ಕೆ ಉಸಿರು ತಿರುಗುವವರೆಗೆ. ಆ ಒಂದು ಕಾಯುವುದನ್ನು ಮಾತ್ರ ನಾನು ಸರಿಯಾಗಿ ಮಾಡಿದೆ. ಬಾಲ ಆಡಿತು, ಕೈ ಖಾಲಿಯಾಯಿತು.

ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದೆ. "ಸಿಕ್ತಾ?" ಎಂದಳು ಹೆಂಡತಿ. ಸಿಕ್ಕಿತು ಎಂದೆ. "ಬಿಟ್ರಾ?" ಬಿಟ್ಟೆವು. "ಹ್ಞೂಂ, ನೀವೂ ಮೂವತ್ತೊಂದು ವರ್ಷ ಮಕ್ಕಳನ್ನ ಹಿಡಿದು ಹಿಡಿದು ಬಿಟ್ಟವ್ರೇ ಅಲ್ವಾ" ಎಂದು ಟವೆಲು ಕೊಟ್ಟಳು. ಮರುದಿನ ಸಂಜೆ ಅವಳೂ ಬಂದು ನೋಡಿದಳು. ಟೋಪಿಯಜ್ಜನಿಗೆ ಒಂದು ಡಬ್ಬಿ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟಳು. ಹಳ್ಳದ ಹೆಸರಿಗೆ ತಕ್ಕಂತೆ ಇರಲಿ ಎಂದು.

ಅಲ್ಲಿ ಹೊಳೆಯ ಟ್ರೌಟ್ ಹಿಡಿಯುವ ಕಾಲ ಏಪ್ರಿಲ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ನಮಗೆ ಕೊಟ್ಟ ವಿಸಿಟರ್ ವೀಸಾವೂ ಲೆಕ್ಕಕ್ಕೆ ಸರಿಯಾಗಿ ಅಷ್ಟೇ, ಆರು ತಿಂಗಳು. ಸೆಪ್ಟೆಂಬರ್ ಕೊನೆಯ ವಾರ ನಾವು ಹೊರಟು ಬಂದೆವು.

ಮಗನನ್ನೋ ಮಗಳನ್ನೋ ನೋಡಲು ಲಂಡನ್ನಿಗೆ ಹೋಗುವ ಹಿರಿಯರು ನಮ್ಮಲ್ಲಿ ಈಗ ಬಹಳ ಇದ್ದೀರಿ. ಕೊಲಿಯರ್ಸ್ ವುಡ್ ಸ್ಟೇಷನ್ನಿನಲ್ಲಿ ಇಳಿದು ಕೇಳಿದರೆ ಹೊಳೆಯ ದಾರಿ ಯಾರಾದರೂ ತೋರಿಸುತ್ತಾರೆ, ನಡೆದು ಹೋಗುವಷ್ಟು ಹತ್ತಿರ. ಹೋದರೆ ದಂಡೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ನೆರಳು ನೀರಿನ ಮೇಲೆ ಬೀಳಬಾರದು.